ಚೌಕಾಬಾರದ ನಾಣ್ಯ ಜೂಜಾಗುವುದು ಎಲ್ಲಿ?

ಪ್ರಶ್ನೆ: ನಾವು ಮೂವರು ಗೆಳೆಯರು ಬೆಂಗಳೂರಿನ ಜೆ.ಪಿ. ನಗರದಲ್ಲಿ ಕೂತು ಚೌಕಾಬಾರದ ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ₹49 ಕೊಟ್ಟರೆ 500 ನಾಣ್ಯ. ನಾಲ್ವರು ಆಡುವ ಮೇಜಿಗೆ ತಲಾ 500 ನಾಣ್ಯ ಕಟ್ಟಬೇಕು. ಗೆದ್ದವರಿಗೆ 1,900, ಉಳಿದ 100 ಆ್ಯಪ್‌ಗೆ. ನಾಣ್ಯ ಕೊಟ್ಟು ‘ಅದೃಷ್ಟದ ಡಬ್ಬಿ’ ತೆರೆದರೆ ಹೊಸ ನಮೂನೆಯ ಕವಡೆ, ಕಾಯಿ ಸಿಗುತ್ತವೆ. 20,000 ನಾಣ್ಯ ಕೂಡಿಸಿದವರಿಗೆ ಶಾಪಿಂಗ್ ವೋಚರ್ ಕೊಡಬೇಕು, ತಿಂಗಳಿಗೊಮ್ಮೆ ₹100 ಪ್ರವೇಶ ಶುಲ್ಕ ಇಟ್ಟು ₹25,000 ಬಹುಮಾನದ ಪಂದ್ಯ ನಡೆಸಬೇಕು ಎಂದಿದ್ದೇವೆ. ಹಣ ಹೂಡಲು ಬಂದಿರುವವರು ‘ಇದು ಬುದ್ಧಿಯ ಆಟ, ಕರ್ನಾಟಕ ಹೈಕೋರ್ಟೇ ಬಿಟ್ಟುಕೊಟ್ಟಿದೆ. ಬೇಕಾದರೆ ಕ್ರಿಪ್ಟೊ ಟೋಕನ್ ಮಾಡಿಬಿಡಿ’ ಎನ್ನುತ್ತಾರೆ. ಪರಿಚಯದ 200 ಜನ ಈಗಾಗಲೇ ಯುಪಿಐನಲ್ಲಿ ನಾಣ್ಯ ಕೊಂಡು ಪರೀಕ್ಷೆಗಾಗಿ ಆಡುತ್ತಿದ್ದಾರೆ. ವೋಚರ್ ಯಾರಿಗೂ ಕೊಟ್ಟಿಲ್ಲ. ಇದರಲ್ಲಿ ಯಾವುದನ್ನು ಉಳಿಸಬಹುದು?

ಉತ್ತರ: ಮೊದಲು ಹೂಡಿಕೆದಾರರ ಮಾತನ್ನು ಬಗೆಹರಿಸೋಣ. ಅದು ಅರ್ಧ ಸತ್ಯ, ಅದೂ ಹಳೆಯ ಸತ್ಯ. ಕರ್ನಾಟಕ ಪೊಲೀಸ್ ಕಾಯ್ದೆ 1963ಕ್ಕೆ ರಾಜ್ಯ ಸರ್ಕಾರ 2021ರಲ್ಲಿ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ ಆಟಗಳನ್ನೂ ಸೇರಿಸಿ, ನಿಷೇಧಿಸಿತ್ತು. ವರ್ಚುವಲ್ ಕರೆನ್ಸಿಯಲ್ಲಿ ಕಟ್ಟುವ ಪಣವೂ ಅದರೊಳಗೆ ಬರುತ್ತಿತ್ತು. ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಮಾಡಿತು. ಕೌಶಲದ ಆಟ ಬೇರೆ, ಜೂಜು ಬೇರೆ ಎಂಬ ಹಳೆಯ ಗೆರೆಯ ಮೇಲೆ ಆ ತೀರ್ಪು ನಿಂತಿತ್ತು. ರಮ್ಮಿಯ ಬಗ್ಗೆ 1967ರಲ್ಲಿ, ಕುದುರೆ ರೇಸಿನ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟ್ ಎಳೆದಿದ್ದೂ ಇದೇ ಗೆರೆ.

ಸಂಸತ್ತು 2025ರ ಆಗಸ್ಟ್‌ನಲ್ಲಿ ಆ ಗೆರೆಯನ್ನೇ ಅಳಿಸಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಲೋಕಸಭೆಯಲ್ಲಿ 20ರಂದು, ರಾಜ್ಯಸಭೆಯಲ್ಲಿ 21ರಂದು ಪಾಸಾಗಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ‘ಆನ್‌ಲೈನ್ ಮನಿ ಗೇಮ್’ ಎಂದರೇನು ಎಂದು ಹೇಳುವಾಗ ಅದು, ಆಟ ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಎರಡೂ ಬೆರೆತದ್ದಾಗಿರಲಿ ಲೆಕ್ಕಕ್ಕಿಲ್ಲ ಎನ್ನುತ್ತದೆ. ಶುಲ್ಕ ಕೊಟ್ಟು, ಹಣ ಇಟ್ಟು ಅಥವಾ ಬೇರೆ ಪಣ ಒಡ್ಡಿ, ಅದಕ್ಕೆ ಪ್ರತಿಯಾಗಿ ಹಣವೋ ಇನ್ನೊಂದು ಲಾಭವೋ ಗೆಲ್ಲುವ ನಿರೀಕ್ಷೆಯಲ್ಲಿ ಆಡಿದರೆ ಅದು ಮನಿ ಗೇಮ್. ಈ ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿ ಹಲವು ಹೈಕೋರ್ಟುಗಳಲ್ಲಿ ಹಾಕಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಅರ್ಜಿ ಹಾಕಿದ ಮಾತ್ರಕ್ಕೆ ಕಾಯ್ದೆ ಸಾಯುವುದಿಲ್ಲ. ಅದು ಬಿದ್ದೀತು ಎಂಬ ಆಸೆಯ ಮೇಲೆ ಕಂಪನಿ ಕಟ್ಟಬೇಡಿ.

ಆದ್ದರಿಂದ ಚೌಕಾಬಾರದಲ್ಲಿ ಬುದ್ಧಿ ಎಷ್ಟು, ಕವಡೆ ಎಷ್ಟು ಎಂಬ ಚರ್ಚೆಯನ್ನು ಕಟ್ಟಿಡಿ. ನಿಮ್ಮ ಆ್ಯಪ್‌ನಲ್ಲಿ ನೋಡಬೇಕಾದ್ದು ಎರಡು ಬಾಗಿಲು: ದುಡ್ಡು ಒಳಗೆ ಬರುವುದು, ಬೆಲೆಯುಳ್ಳದ್ದು ಹೊರಗೆ ಹೋಗುವುದು. ಒಳಬಾಗಿಲು ಮಾತ್ರ ಇದ್ದರೆ ಅದು ಅಂಗಡಿ. ಹೊರಬಾಗಿಲು ಮಾತ್ರ ಇದ್ದರೆ ಬಹುಮಾನ. ಎರಡೂ ಇದ್ದು, ನಡುವೆ ಪಣ ಕೂತರೆ ಮನಿ ಗೇಮ್.

‘ನಾಣ್ಯ ದುಡ್ಡಲ್ಲವಲ್ಲ’ ಎಂಬ ವಾದ ನಿಲ್ಲುವುದಿಲ್ಲ. ‘ಬೇರೆ ಪಣ’ ಎಂಬುದನ್ನು ಕಾಯ್ದೆ ಬಿಡಿಸಿಯೇ ಹೇಳಿದೆ: ಹಣಕ್ಕೆ ಸಮ ಎಂದು ಅಥವಾ ಹಣವಾಗಿ ಬದಲಾಗಬಲ್ಲದ್ದು ಎಂದು ಗುರುತಿಸಲಾದ ಕ್ರೆಡಿಟ್, ಕಾಯಿನ್, ಟೋಕನ್, ವಸ್ತು, ಹೆಸರು ಏನೇ ಇರಲಿ, ನಿಜವಾದದ್ದಾಗಲಿ ವರ್ಚುವಲ್ ಆಗಲಿ, ನೇರವಾಗಿ ಅಥವಾ ಸುತ್ತುದಾರಿಯಲ್ಲಿ ಹಣ ಕೊಟ್ಟು ಕೊಂಡದ್ದು. ಸುತ್ತುದಾರಿ ಎಂಬ ಪದವನ್ನು ಸುಮ್ಮನೆ ಹಾಕಿಲ್ಲ. ₹99ರ ಸ್ಟಿಕರ್ ಮಾರಿ ಅದರ ಜೊತೆ 1,000 ನಾಣ್ಯ ‘ಉಚಿತ’ ಕೊಡುವ ಜಾಣತನ ಅದರಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ನಿಮ್ಮ ಪಟ್ಟಿ. ವೋಚರ್ ಯೋಜನೆಯನ್ನು ಕೈಬಿಡಿ, ಅದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ₹49 ಒಳಗೆ, ಮೇಜಿನ ಮೇಲೆ ಪಣ, ವೋಚರ್ ಹೊರಗೆ: ಎರಡೂ ಬಾಗಿಲು ಪೂರ್ತಿ ತೆರೆದಿವೆ. ವೋಚರ್ ಬದಲು ಮೊಬೈಲ್ ರೀಚಾರ್ಜ್, ಇಯರ್‌ಫೋನ್, ಹೋಟೆಲ್ ಕೂಪನ್ ಕೊಟ್ಟರೂ ಅಷ್ಟೇ, ‘ಇನ್ನೊಂದು ಲಾಭ’ ಎಂಬ ಪದ ಅವೆಲ್ಲವನ್ನೂ ಹಿಡಿಯುತ್ತದೆ. ಶಿಕ್ಷೆ ಸಣ್ಣದಲ್ಲ. ಮನಿ ಗೇಮ್ ನಡೆಸಿದವರಿಗೆ 3 ವರ್ಷದವರೆಗೆ ಸಜೆ, ₹1 ಕೋಟಿವರೆಗೆ ದಂಡ, ಅಥವಾ ಎರಡೂ. ಎರಡನೇ ಬಾರಿ ಸಿಕ್ಕಿಬಿದ್ದರೆ ಸಜೆ 3ರಿಂದ 5 ವರ್ಷ, ದಂಡ ₹1 ಕೋಟಿಯಿಂದ ₹2 ಕೋಟಿ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಿನ ವಿಷಯವಾಗಿ ಸಿಗುವುದಿಲ್ಲ. ಕಂಪನಿಯ ಹೆಸರಿನಲ್ಲಿ ನಡೆದರೆ ಆ ಹೊತ್ತಿಗೆ ವ್ಯವಹಾರದ ಹೊಣೆ ಹೊತ್ತಿದ್ದವರ ಮೇಲೆ ಕೇಸು ಬರುತ್ತದೆ, ಅಂದರೆ ನೀವು ಮೂವರ ಮೇಲೆ. ದಿನನಿತ್ಯದ ತೀರ್ಮಾನದಲ್ಲಿ ಕೈ ಹಾಕದ ಸ್ವತಂತ್ರ ನಿರ್ದೇಶಕರಿಗೆ ರಕ್ಷಣೆ ಇದೆ. ದುಡ್ಡು ಹಾಕಿ ದೂರ ಕೂರುವವರು ಧೈರ್ಯ ಹೇಳುವಾಗ ಇದನ್ನೂ ನೆನಪಿಟ್ಟುಕೊಳ್ಳಿ. ಆಟಗಾರರಿಗೆ ಮಾತ್ರ ಈ ಕಾಯ್ದೆ ಶಿಕ್ಷೆ ಇಟ್ಟಿಲ್ಲ.

ಕಷ್ಟದ ಪ್ರಶ್ನೆ ಮೇಜಿನದ್ದು. ವೋಚರ್ ತೆಗೆದ ಮೇಲೆ ಗೆದ್ದ ನಾಣ್ಯ ಆ್ಯಪ್‌ನಿಂದ ಹೊರಗೆ ಹೋಗುವುದಿಲ್ಲ, ಹಾಗಾದರೆ ಇದು ಕಾಯ್ದೆ ಒಪ್ಪುವ ‘ಆನ್‌ಲೈನ್ ಸೋಶಿಯಲ್ ಗೇಮ್’ ಅಲ್ಲವೇ ಎಂದು ಕೇಳಬಹುದು. ವಾದಕ್ಕೆ ಬಲವಿದೆ. ಸೋಶಿಯಲ್ ಗೇಮ್‌ಗೆ ಚಂದಾ ಅಥವಾ ಒಂದು ಸಲದ ಪ್ರವೇಶ ಶುಲ್ಕ ತೆಗೆದುಕೊಳ್ಳಬಹುದು. ಆದರೆ ಆ ಹಣ ಪಣದ ರೂಪದಲ್ಲಿರಬಾರದು. ನಿಮ್ಮ 500 ನಾಣ್ಯ ಹೆಸರಿಗೂ ರೂಪಕ್ಕೂ ಪಣವೇ. ಲೆಕ್ಕ ಹಾಕಿ ನೋಡಿ: ನಾಲ್ವರದ್ದು ಸೇರಿ 2,000, ನೀವು ಹಿಡಿದುಕೊಳ್ಳುವುದು 100, ಅಂದರೆ ಶೇ 5. ನಾಲ್ಕಕ್ಕೆ ಒಂದು ಆಟ ಗೆಲ್ಲುವ ಸಾಧಾರಣ ಆಟಗಾರ ಪ್ರತಿ ಆಟಕ್ಕೆ ಸರಾಸರಿ 25 ನಾಣ್ಯ ಕಳೆಯುತ್ತಾನೆ. 20 ಆಟಕ್ಕೆ 500 ಕರಗಿ, ಮತ್ತೆ ₹49 ಕಟ್ಟುತ್ತಾನೆ. ಇಸ್ಪೀಟು ಅಡ್ಡೆಯಲ್ಲಿ ಜಾಗ ಕೊಟ್ಟವನು ಪ್ರತಿ ಆಟಕ್ಕೆ ಕಮಿಷನ್ ಎತ್ತುವ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ತೋರಿಸುವುದು ಸುಲಭವಲ್ಲ.

ಇನ್ನೊಂದು ತೊಂದರೆ ನಿಮ್ಮ ಕೈಯಲ್ಲಿಲ್ಲ. ನೀವು ಹೊರಬಾಗಿಲು ಹಾಕಿದರೂ ಆಟಗಾರರು ಗೋಡೆ ಕೊರೆಯುತ್ತಾರೆ. ನಾಣ್ಯ ಗಿಫ್ಟ್ ಮಾಡುವ ಬಟನ್ ಇದ್ದರೆ ಟೆಲಿಗ್ರಾಂ ಗುಂಪಿನಲ್ಲಿ ‘10,000 ನಾಣ್ಯ ₹700’ ಎಂಬ ಸಂತೆ ಶುರುವಾಗುತ್ತದೆ. ಬಟನ್ ತೆಗೆದರೆ ಬೇಕೆಂದೇ ಸೋಲುತ್ತಾರೆ: ಕೊಳ್ಳುವವನು ಹೊರಗೆ ಯುಪಿಐ ಮಾಡುತ್ತಾನೆ, ಮಾರುವವನು ಅವನ ಮೇಜಿಗೆ ಬಂದು ನಾಲ್ಕು ನಡೆಯಲ್ಲಿ ಆಟ ಬಿಡುತ್ತಾನೆ. ಅಲ್ಲಿಗೆ ನಿಮ್ಮ ನಾಣ್ಯ ‘ಹಣವಾಗಿ ಬದಲಾಗಬಲ್ಲದ್ದು’ ಆಯಿತು. ಯಾರದೋ ಖಾತೆಯಿಂದ ಕದ್ದ ಹಣದಲ್ಲಿ ನಾಣ್ಯ ಕೊಂಡು ಹೀಗೆ ದಾಟಿಸಿದರಂತೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೋದ ದೂರು ಹಣದ ಜಾಡು ಹಿಡಿದು ನಿಮ್ಮ ಕರೆಂಟ್ ಅಕೌಂಟಿಗೆ ಬರುತ್ತದೆ. ಆ ಮೊತ್ತಕ್ಕೆ ಬ್ಯಾಂಕು ತಡೆ ಹಾಕುತ್ತದೆ. ಅದನ್ನು ಬಿಡಿಸಲು ದೂರು ದಾಖಲಾದ ಊರಿನ ಠಾಣೆಯೊಂದಿಗೆ ಪತ್ರ ವ್ಯವಹಾರ ಮಾಡಬೇಕು. ಆ ಊರು ಬೆಂಗಳೂರೇ ಆಗಿರುತ್ತದೆ ಎಂದೇನೂ ಇಲ್ಲ.

ಹಾಗಾಗಿ ಕೊಂಡ ನಾಣ್ಯ ಮೇಜಿಗೆ ಮುಟ್ಟಲೇಬಾರದು. ಎರಡು ಬೇರೆ ಲೆಡ್ಜರ್ ಮಾಡಿ. ಒಂದಕ್ಕೆ ‘ರತ್ನ’ ಎಂದಿಡಿ: ದುಡ್ಡು ಕೊಟ್ಟು ಕೊಳ್ಳುವುದು; ಕವಡೆಯ ಬಣ್ಣ, ಮಣೆಯ ಚಿತ್ತಾರ, ಕಾಯಿಯ ಆಕಾರಕ್ಕೆ ಮಾತ್ರ ಖರ್ಚಾಗುತ್ತದೆ; ಬೆಲೆ ನಿಗದಿ; ಯಾರಿಗೂ ಕಳಿಸಲು ಬರುವುದಿಲ್ಲ. ಇನ್ನೊಂದು ‘ಅಂಕ’: ದಿನಾ ಆ್ಯಪ್ ತೆರೆದಾಗ, ಆಟ ಮುಗಿಸಿದಾಗ, ಜಾಹೀರಾತು ನೋಡಿದಾಗ ಸಿಗುವುದು, ಮೇಜಿಗೆ ಕಟ್ಟಬಹುದು, ಹಣಕ್ಕೂ ರತ್ನಕ್ಕೂ ಸಿಗುವುದಿಲ್ಲ, ಹಣವಾಗಿಯೂ ರತ್ನವಾಗಿಯೂ ಬದಲಾಗುವುದಿಲ್ಲ. ಎರಡರ ನಡುವೆ ಪರಿವರ್ತನೆಯ ಒಂದೇ ಒಂದು ದಾರಿಯೂ ಇರಬಾರದು. ತಪ್ಪಾಗುವುದು ಸಾಮಾನ್ಯವಾಗಿ ಇಲ್ಲೇ. ದೀಪಾವಳಿ ಆಫರ್ ಎಂದು ಮಾರ್ಕೆಟಿಂಗ್ ನೋಡಿಕೊಳ್ಳುವವರು ‘₹99ರ ಪ್ಯಾಕ್ ಜೊತೆ 2,000 ಅಂಕ ಬೋನಸ್’ ಹಾಕುತ್ತಾರೆ, ಗೋಡೆ ಬಿತ್ತು. ಅದಕ್ಕೇ ಪ್ರತಿ ನಮೂದಿಗೂ ಮೂಲದ ಗುರುತು ಹಚ್ಚಿ: ಖರೀದಿ, ದಿನದ ಕೊಡುಗೆ, ಗೆಲುವು, ಜಾಹೀರಾತು. ಖರೀದಿ ಎಂಬ ಗುರುತಿನ ನಮೂದು ಅಂಕದ ಲೆಡ್ಜರಿಗೆ ಬಂದರೆ ಸರ್ವರೇ ತಿರಸ್ಕರಿಸಲಿ, ಸ್ಕ್ರೀನಿನಲ್ಲಿ ಬಟನ್ ಮರೆಮಾಡಿದರೆ ಸಾಲದು. ಅಂಕಕ್ಕೂ ಸಂತೆ ಹುಟ್ಟಬಹುದು. ಒಂದೇ ಜೋಡಿ ಖಾತೆಗಳು ದಿನಕ್ಕೆ ಹತ್ತಾರು ಸಲ ಎದುರಾಗಿ ಯಾವಾಗಲೂ ಒಬ್ಬನೇ ಸೋಲುತ್ತಿದ್ದರೆ, ಒಂದು ಕಾಯಿಯೂ ಹಣ್ಣಾಗುವ ಮೊದಲೇ ಆಟ ಬಿಡುತ್ತಿದ್ದರೆ, ಆ ಖಾತೆಗಳನ್ನು ತಡೆದು ದಾಖಲೆ ಇಡಿ.

ಈ ರೀತಿ ಇಟ್ಟರೆ ರಿಸರ್ವ್ ಬ್ಯಾಂಕಿನ ಕಡೆಯಿಂದಲೂ ತಲೆನೋವಿಲ್ಲ. ನಿಮ್ಮಲ್ಲೇ ಕೊಂಡು ನಿಮ್ಮಲ್ಲೇ ಖರ್ಚಾಗುವ, ನಗದಾಗಿ ಹಿಂತೆಗೆಯಲು ಬಾರದ ಮುಂಗಡ ಮೌಲ್ಯವನ್ನು ಅದರ 2021ರ ನಿರ್ದೇಶನ ‘ಕ್ಲೋಸ್ಡ್ ಸಿಸ್ಟಮ್’ ಎನ್ನುತ್ತದೆ, ಅದಕ್ಕೆ ಅನುಮತಿ ಬೇಡ. ರತ್ನ ಕೊಟ್ಟರೆ ಪಕ್ಕದ ದರ್ಶಿನಿಯಲ್ಲಿ ಕಾಫಿ ಸಿಗುತ್ತದೆ ಎಂದು ಮಾಡಿದ ದಿನ ಅದು ಪ್ರೀಪೇಯ್ಡ್ ವ್ಯಾಲೆಟ್ ಆಗುತ್ತದೆ. ಬ್ಯಾಂಕೇತರ ಕಂಪನಿ ಆ ಅನುಮತಿಗೆ ಅರ್ಜಿ ಹಾಕಲು ₹5 ಕೋಟಿ ನಿವ್ವಳ ಸಂಪತ್ತು ಬೇಕು, ಮೂರನೇ ಹಣಕಾಸು ವರ್ಷದ ಕೊನೆಗೆ ಅದು ₹15 ಕೋಟಿ ಆಗಬೇಕು.

ಅದೃಷ್ಟದ ಡಬ್ಬಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಬೆಲ್ಜಿಯಂ 2018ರಲ್ಲೇ ಅದನ್ನು ಜೂಜು ಎಂದಿತು. ಇಲ್ಲಿ ಅದೇ ಎರಡು ಬಾಗಿಲಿನ ಪರೀಕ್ಷೆ. ಡಬ್ಬಿಯಲ್ಲಿ ಸಿಗುವುದು ಬರೀ ಅಲಂಕಾರ, ಅದನ್ನು ಮಾರಲೂ ವರ್ಗಾಯಿಸಲೂ ಬರುವುದಿಲ್ಲ ಎಂದರೆ ಅಪಾಯ ಕಡಿಮೆ. ಮಾರಲು ಬಂದರೆ ಚಿನ್ನದ ಕವಡೆಯೇ ಚಲಾವಣೆಯ ನಾಣ್ಯವಾಗುತ್ತದೆ. ಗೂಗಲ್ ಪ್ಲೇ, ಆ್ಯಪಲ್ ಎರಡೂ, ಕೊಳ್ಳುವ ಮೊದಲೇ ಯಾವುದು ಸಿಗುವ ಸಾಧ್ಯತೆ ಎಷ್ಟು ಎಂದು ತೋರಿಸಲು ಹೇಳುತ್ತವೆ. ಶೇ 2 ಎಂದು ಬರೆದರೆ ಜನ 50 ಡಬ್ಬಿಗೆ ಒಂದು ಗ್ಯಾರಂಟಿ ಎಂದುಕೊಳ್ಳುತ್ತಾರೆ. ನಿಜವಾಗಿ 50 ಡಬ್ಬಿ ತೆರೆದ ಮೇಲೂ 100ರಲ್ಲಿ 36 ಜನರಿಗೆ ಅದು ಸಿಕ್ಕಿರುವುದಿಲ್ಲ. ಡಬ್ಬಿಗೆ ₹20ರಂತೆ ಅವರು ₹1,000 ಕಳೆದಿರುತ್ತಾರೆ, ನಿಮಗೆ ಒಂದು ನಕ್ಷತ್ರದ ರೇಟಿಂಗ್ ಕೊಡುವುದು ಅವರೇ. ನನ್ನನ್ನು ಕೇಳಿದರೆ ಡಬ್ಬಿ ಬಿಟ್ಟು ನೇರ ಬೆಲೆ ಹಚ್ಚಿ. ಬಿಡಲಾಗದಿದ್ದರೆ ಇಷ್ಟನೇ ಡಬ್ಬಿಗೆ ಖಚಿತ ಎಂಬ ಮಿತಿ ಇಡಿ. ‘ಇನ್ನು 5 ನಿಮಿಷ ಮಾತ್ರ’ ಎಂದು ಸುಳ್ಳು ಗಡಿಯಾರ ಓಡಿಸಬೇಡಿ, 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯ 13 ತಪ್ಪುಗಳಲ್ಲಿ ಮೊದಲನೆಯದೇ ಅದು.

ಮಕ್ಕಳ ವಿಷಯ ಮರೆಯಬೇಡಿ, ಚೌಕಾಬಾರ ಎಂದರೆ ಬೇಸಿಗೆ ರಜೆಯ ಆಟ. 18 ತುಂಬದವರ ಜೊತೆಗಿನ ಕರಾರು ಭಾರತದಲ್ಲಿ ಮೊದಲಿನಿಂದಲೇ ಅಸಿಂಧು, ‘ನಿಯಮಗಳಿಗೆ ಒಪ್ಪಿದ್ದೇನೆ’ ಎಂಬ ಗೆರೆ ಅಲ್ಲಿ ಕೆಲಸ ಮಾಡುವುದಿಲ್ಲ. ಅಮ್ಮನ ಫೋನಿನಲ್ಲಿ ಹುಡುಗ ಮಾಡಿದ ಖರೀದಿಗೆ ರಿಫಂಡ್ ಕೇಳಿದರೆ ವಾದಿಸದೆ ಕೊಟ್ಟುಬಿಡಿ. ದಿನಕ್ಕೆ ಇಷ್ಟೇ ರೂಪಾಯಿ ಎಂಬ ಮಿತಿಯನ್ನು ಮೊದಲೇ ಹಾಕಿದರೆ ಆ ಕೋರಿಕೆಗಳೂ ಸಣ್ಣವಾಗಿರುತ್ತವೆ.

ತಿಂಗಳ ಪಂದ್ಯಕ್ಕೆ ಬರೋಣ. ₹100 ಶುಲ್ಕ, ₹25,000 ಬಹುಮಾನ: ಇದು ಮನಿ ಗೇಮ್. ‘ಇ-ಸ್ಪೋರ್ಟ್ ಎಂದು ನೋಂದಾಯಿಸೋಣ, ಅದಕ್ಕೆ ಶುಲ್ಕವೂ ಬಹುಮಾನವೂ ಇರಬಹುದಲ್ಲ’ ಎಂದು ನಿಮ್ಮಲ್ಲೊಬ್ಬರು ಹೇಳಿಯೇ ಹೇಳುತ್ತಾರೆ. ಇರಬಹುದು. ಆದರೆ ಇ-ಸ್ಪೋರ್ಟ್‌ನ ಫಲಿತಾಂಶ ಕೈಚಳಕ, ಚುರುಕುಬುದ್ಧಿ, ತಂತ್ರಗಳಂಥ ಕೌಶಲದಿಂದಲೇ ನಿರ್ಧಾರವಾಗಬೇಕು. ಅದಕ್ಕೆ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ 2025ರ ಮಾನ್ಯತೆಯೂ ಬೇಕು. ಚೌಕಾಬಾರದಲ್ಲಿ ಯಾವ ಕಾಯಿ ನಡೆಸಬೇಕು, ಕಟ್ಟೆಯಲ್ಲಿ ಎಷ್ಟು ಹೊತ್ತು ಕೂರಬೇಕು, ಯಾರನ್ನು ಹೊಡೆಯಬೇಕು ಎಂಬುದು ಬುದ್ಧಿಯೇ. ಆದರೆ ನಾಲ್ಕೂ ಕವಡೆ ಅಂಗಾತ ಬಿದ್ದು ಚೌಕ, ನಾಲ್ಕೂ ಬೋರಲು ಬಿದ್ದು ಬಾರ, ಅದರ ಮೇಲೆ ಇನ್ನೊಂದು ಗರ ಹಾಕುವ ಅವಕಾಶ: ಇದನ್ನು ತಂತ್ರ ಎಂದು ಯಾರ ಮುಂದೆಯೂ ಹೇಳಲಾಗದು. ಆಟದ ಹೆಸರಿನಲ್ಲೇ ಕವಡೆ ಕೂತಿದೆ.

ಉಳಿಯುವ ದಾರಿ ಉಚಿತ ಪ್ರವೇಶ. ಬಹುಮಾನ ನಿಮ್ಮ ಜೇಬಿನಿಂದ ಅಥವಾ ಪ್ರಾಯೋಜಕರಿಂದ ಬರಲಿ. ಆಟಗಾರ ಏನನ್ನೂ ಕಟ್ಟದಿದ್ದರೆ ಪಣವೇ ಇಲ್ಲ. ಆದರೆ ರತ್ನ ಕೊಂಡವರಿಗೆ ಮಾತ್ರ ಪ್ರವೇಶ, ಅಥವಾ ₹29ಕ್ಕೆ ಎರಡನೇ ಅವಕಾಶ ಎಂದು ಸೇರಿಸಿದರೆ ಉಚಿತ ಎಂಬುದು ಬರೀ ಬೋರ್ಡು. ಬಹುಮಾನದಿಂದ ಶೇ 30 ಟಿಡಿಎಸ್ (ಕೊಡುವ ಮೊದಲೇ ಹಿಡಿಯುವ ತೆರಿಗೆ) ಮುರಿಯಬೇಕು: ₹25,000ಕ್ಕೆ ₹7,500 ಹಿಡಿದು ₹17,500 ಕೊಡುವುದು. ಫೋನನ್ನೇ ಬಹುಮಾನವಾಗಿ ಕೊಟ್ಟರೆ ತೆರಿಗೆ ಕಟ್ಟಿಸಿಕೊಂಡ ಮೇಲೇ ಕೈಗೆ ಕೊಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 115ಬಿಬಿಜೆ, 194ಬಿಎ ಎಂದು 2023ರಲ್ಲಿ ಬಂದ ಕಲಮುಗಳು ಇವು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಹೊಸ ಕಾಯ್ದೆ ಇರುವುದರಿಂದ ಕಲಂ ಸಂಖ್ಯೆ ಬದಲಾಗಿದೆ, ಫಾರ್ಮ್ ತುಂಬುವಾಗ ನಿಮ್ಮ ಲೆಕ್ಕಪರಿಶೋಧಕರಿಗೆ ಹೊಸದನ್ನೇ ಹಾಕಲು ಹೇಳಿ. ವಿಜೇತರ ಪ್ಯಾನ್ ಸಂಖ್ಯೆಯನ್ನು ಫೈನಲ್ ಆಡಿಸುವ ಮೊದಲೇ ಪಡೆಯಿರಿ. ಗೆದ್ದ ಮೇಲೆ ಕೇಳಿದರೆ ಟಿಡಿಎಸ್ ಎಂಬ ಪದವನ್ನು ಅಲ್ಲೇ ಮೊದಲು ಕೇಳಿ ಜಗಳಕ್ಕೆ ಬರುತ್ತಾರೆ.

ಕ್ರಿಪ್ಟೊ ಟೋಕನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2020ರ ಮಾರ್ಚ್ 4ರ ಸುಪ್ರೀಂ ಕೋರ್ಟ್ ತೀರ್ಪು, ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ತಡೆದಿದ್ದ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದುಮಾಡಿತು, ಟೋಕನ್‌ಗೆ ಲೈಸೆನ್ಸ್ ಕೊಡಲಿಲ್ಲ. ಟೋಕನ್ ಮಾಡಿದ ಕೂಡಲೇ ಲಾಭಕ್ಕೆ ಶೇ 30 ತೆರಿಗೆ, ವರ್ಗಾವಣೆಗೆ ಶೇ 1 ಟಿಡಿಎಸ್. ವಿನಿಮಯ ನೀವೇ ನಡೆಸಿದರೆ 2023ರ ಮಾರ್ಚ್ 7ರ ಅಧಿಸೂಚನೆಯಂತೆ ಅಕ್ರಮ ಹಣ ತಡೆ ಕಾಯ್ದೆಯಡಿ ಕೇಂದ್ರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯುನಲ್ಲಿ ನೋಂದಣಿ, ಗ್ರಾಹಕರ ಕೆವೈಸಿ, ಅನುಮಾನದ ವ್ಯವಹಾರಗಳ ವರದಿ. ಇಷ್ಟೆಲ್ಲ ಹೊತ್ತು ನೀವು ಸಾಧಿಸುವುದು, ಕಷ್ಟಪಟ್ಟು ಮುಚ್ಚಿದ ಹೊರಬಾಗಿಲನ್ನು ಲೋಕಕ್ಕೆಲ್ಲ ತೆರೆಯುವುದು.

ನೀವು ಕೇಳದ ಒಂದು ವಿಷಯ: ಜಾಹೀರಾತು. ಅಂಕಕ್ಕಾಗಿ ತೋರಿಸುವ ವಿಡಿಯೊಗಳು ಯಾವುದೋ ಜಾಹೀರಾತು ಜಾಲದಿಂದ ಬರುತ್ತವೆ. ಅದರಲ್ಲಿ ಬೆಟ್ಟಿಂಗ್ ಆ್ಯಪ್ ಬಂದರೆ ತೋರಿಸಿದವರು ನೀವು, ಮನಿ ಗೇಮ್ ಜಾಹೀರಾತಿಗೆ 2 ವರ್ಷದವರೆಗೆ ಸಜೆ, ₹50 ಲಕ್ಷದವರೆಗೆ ದಂಡ ಇದೆ. ಜಾಲದ ಸೆಟ್ಟಿಂಗ್ಸ್‌ನಲ್ಲಿ ಜೂಜು, ಬೆಟ್ಟಿಂಗ್ ವರ್ಗವನ್ನು ಮುಚ್ಚಿ. ಅಷ್ಟಕ್ಕೇ ಬಿಡದೆ ವಾರಕ್ಕೊಮ್ಮೆ ಬಂದ ಜಾಹೀರಾತುಗಳ ಪಟ್ಟಿ ತೆಗೆದು ಕಣ್ಣಾಡಿಸಿ. ರಸಪ್ರಶ್ನೆ, ಕ್ರಿಕೆಟ್ ಸುದ್ದಿ ಎಂಬ ವೇಷದಲ್ಲಿ ನುಸುಳುವುದು ಅಲ್ಲೇ ಸಿಗುತ್ತದೆ. ಜಿಎಸ್‌ಟಿ ಲೆಕ್ಕವೂ ಇದೇ ಗೆರೆಯ ಮೇಲಿದೆ: ಅಲಂಕಾರ ಮಾರಿದರೆ ಶೇ 18, ಹಣ ಕಟ್ಟಿ ಆಡುವ ಆಟವಾದರೆ 2025ರ ಸೆಪ್ಟೆಂಬರ್ 22ರಿಂದ ಶೇ 40, ಅದೂ ನಿಮ್ಮ ಕಮಿಷನ್ ಮೇಲಲ್ಲ, ಆಟಗಾರ ಹಾಕಿದ ಪೂರ್ತಿ ಹಣದ ಮೇಲೆ.

ಕೊನೆಗೆ ಆ 200 ಜನ. ಇವತ್ತೇ ನಾಣ್ಯ ಮಾರಾಟವನ್ನೂ ನಾಣ್ಯದ ಮೇಜುಗಳನ್ನೂ ನಿಲ್ಲಿಸಿ. ಡೇಟಾಬೇಸ್ ಅಳಿಸಬೇಡಿ. ವೋಚರ್ ಕೊಟ್ಟಿಲ್ಲ ಎಂಬುದಕ್ಕೆ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ. ವೋಚರ್ ಸಿಗುತ್ತದೆ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲೋ ಪೋಸ್ಟರಿನಲ್ಲೋ ಹೇಳಿದ್ದರೆ ಆ ಯೋಜನೆ ರದ್ದಾಗಿದೆ ಎಂದು ಅದೇ ಗುಂಪಿನಲ್ಲಿ ದಿನಾಂಕ ಹಾಕಿ ಬರೆಯಿರಿ, ಹಳೆಯ ಸಂದೇಶವನ್ನು ಮಾತ್ರ ಅಳಿಸಬೇಡಿ. ಆಮೇಲೆ ಪ್ರತಿಯೊಬ್ಬರಿಗೂ ಅವರು ಕೊಟ್ಟಷ್ಟೇ ಹಣವನ್ನು, ದುಡ್ಡು ಬಂದ ಅದೇ ಯುಪಿಐ ಖಾತೆಗೆ, ಮೂಲ ವ್ಯವಹಾರದ ಯುಟಿಆರ್ (ಬ್ಯಾಂಕು ಕೊಡುವ ಗುರುತಿನ) ಸಂಖ್ಯೆ ನಮೂದಿಸಿ ಹಿಂದಿರುಗಿಸಿ. ಎರಡು ಸಲ ₹49 ಕೊಟ್ಟವನಿಗೆ ₹98, ಅವನ ಖಾತೆಯಲ್ಲಿ ಈಗ 40 ನಾಣ್ಯ ಇರಲಿ, 14,000 ಇರಲಿ. 14,000ದವನು ‘ಗೆದ್ದದ್ದಕ್ಕೂ ಲೆಕ್ಕ ಹಾಕಿ ಕೊಡಿ’ ಎನ್ನುತ್ತಾನೆ. ಸ್ನೇಹಿತ ಎಂದು ಮನಸ್ಸು ಕರಗಿ ನೂರು ರೂಪಾಯಿ ಜಾಸ್ತಿ ಹಾಕಿದರೆ, ಇಲ್ಲಿಯವರೆಗೆ ಇಲ್ಲದಿದ್ದ ಹೊರಬಾಗಿಲು ಆ ಒಂದು ಪಾವತಿಯಲ್ಲಿ ಹುಟ್ಟುತ್ತದೆ. ಅವನಿಗೂ ₹98 ಮಾತ್ರ.